ದಪ್ಪ ತಂತಿಯ ತಾಮ್ರವೂ ತಾಮ್ರವೇ

ಡೊಂಬಿವಲಿಯ ನಮ್ಮ ಮನೆಯಲ್ಲಿ ಗೀಸರಿಗೆ ಹೊಸ ವೈರಿಂಗ್ ಮಾಡಿಸುತ್ತಿದ್ದಾಗ, ದಪ್ಪ ತಂತಿಯಲ್ಲಿರುವುದು ಮೇಲ್ತರದ ತಾಮ್ರ, ಅದಕ್ಕೇ ಅದು ಬಿಸಿಯಾಗುವುದಿಲ್ಲ ಎಂದು ನೆರೆಯವರೊಬ್ಬರು ಖಚಿತವಾಗಿ ಹೇಳಿದರು. ಓದಿದವರೂ ನಂಬಿರುವ ಈ ತಪ್ಪಿನ ಬುಡದಲ್ಲಿರುವುದು ಎರಡು ಪದಗಳ ಗೊಂದಲ. ರೋಧವು, ಅಂದರೆ ವಿದ್ಯುತ್ ಹರಿವಿಗೆ ಒಡ್ಡುವ ಅಡ್ಡಿಯು, ಆಯಾ ತಂತಿಗೆ ಸೇರಿದ್ದು. ರೋಧಶೀಲತೆಯು ಲೋಹಕ್ಕೆ ಸೇರಿದ್ದು.

ಸಂಜೆ ಜನ ಕಿಕ್ಕಿರಿಯುವ ಮುಂಬಯಿಯ ದಾದರ್ ಸ್ಟೇಷನ್ನಿನ ಸೇತುವೆಯನ್ನು ನೆನೆಯಿರಿ. ಸೇತುವೆ ಉದ್ದವಾದಷ್ಟೂ ದಾಟುವುದು ಕಷ್ಟ, ಅಗಲವಾದಷ್ಟೂ ಸುಲಭ. ಆದರೆ ಅಲ್ಲಿ ಬುಟ್ಟಿಯಿಟ್ಟು ಕುಳಿತವರು ಎಷ್ಟು ಅಡ್ಡವಾಗುತ್ತಾರೆ ಎಂಬುದು ಉದ್ದಗಲಗಳಿಗೆ ಸಂಬಂಧವಿಲ್ಲದ ಮೂರನೆಯ ಸಂಗತಿ. ರೋಧಶೀಲತೆ ಎಂದರೆ ಈ ಮೂರನೆಯದು. ಲೋಹ ಬಿಸಿಯಾದಾಗ ಕುಳಿತವರೇ ಅತ್ತಿತ್ತ ಅಲುಗಾಡತೊಡಗುತ್ತಾರೆ, ಅಂದರೆ ಪರಮಾಣುಗಳ ಕಂಪನ ಹೆಚ್ಚಿ, ತಾಮ್ರದ ರೋಧಶೀಲತೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಏರುತ್ತದೆ.

ರೋಧಶೀಲತೆಯನ್ನು ಉದ್ದದಿಂದ ಗುಣಿಸಿ, ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದರೆ ರೋಧ ಸಿಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಾಮ್ರದ ರೋಧಶೀಲತೆ 1.72 × 10⁻⁸ ಓಮ್-ಮೀಟರ್. ಬೋರ್ಡಿನಿಂದ ಗೀಸರಿಗೆ 10 ಮೀಟರ್ ಎಂದರೆ, ಹೋಗಿಬರುವ ತಂತಿ 20 ಮೀಟರ್ (ಬಹಳ ಮಂದಿ ಮರೆಯುವುದು ಈ ಮರಳುವ ತಂತಿಯನ್ನೇ). 1.5 ಚದರ ಮಿಲಿಮೀಟರ್ ತಂತಿಯಾದರೆ ರೋಧ 0.23 ಓಮ್, 2000 ವ್ಯಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ 8.7 ಆಂಪಿಯರ್ ಎಳೆಯುವಾಗ ತಂತಿಯಲ್ಲೇ ಸುಮಾರು 17 ವ್ಯಾಟ್ ಶಾಖವಾಗುತ್ತದೆ (ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಸಿಗುವುದು ಇದೇ). 4 ಚದರ ಮಿಲಿಮೀಟರಿನ ತಂತಿಯಲ್ಲಿ ಅದು ಆರೂವರೆ ವ್ಯಾಟ್‌ಗೆ ಇಳಿಯುತ್ತದೆ. ತಾಮ್ರ ಬದಲಾಗಲಿಲ್ಲ, ಸೇತುವೆ ಅಗಲವಾಯಿತು, ಅಷ್ಟೆ. ಗೀಸರಿನೊಳಗೆ ನೀರು ಕಾಯಿಸುವ ನೈಕ್ರೋಮ್ (ನಿಕಲ್-ಕ್ರೋಮಿಯಂ ಮಿಶ್ರಲೋಹ) ತಂತಿಯ ಮಾತು ಬೇರೆ. ಅದರ ರೋಧಶೀಲತೆಯೇ ತಾಮ್ರದ ಅರುವತ್ತು ಪಟ್ಟಿಗಿಂತ ಹೆಚ್ಚು.

ಈ ಲೆಕ್ಕಕ್ಕೆ ದಾರಿ ಮಾಡಿದ ಗೇಯಾರ್ಗ್ ಓಮ್ ಕೊಲೋನ್‌ನಲ್ಲಿ ಶಾಲಾ ಶಿಕ್ಷಕರಾಗಿದ್ದರು. ಅಂದಿನ ಬ್ಯಾಟರಿಗಳ ಬಲ ನಿಮಿಷಕ್ಕೊಂದು ಬಗೆಯಾಗುತ್ತಿದ್ದುದರಿಂದ ಅವರು ಅವನ್ನು ಬಿಟ್ಟು, ಬಿಸ್ಮತ್ ಮತ್ತು ತಾಮ್ರದ ಬೆಸುಗೆಗಳಲ್ಲಿ ಒಂದನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಸ್ಥಿರವಾದ ವಿದ್ಯುತ್ ಪಡೆದರು, ಬಗೆಬಗೆಯ ಉದ್ದದ ತಂತಿಗಳನ್ನು ಅಳೆದರು, ಮತ್ತು 1827ರಲ್ಲಿ ಗ್ರಂಥ ಪ್ರಕಟಿಸಿದರು. ಹಠಕ್ಕಿಂತ ಈ ಉಪಾಯವೇ ನನಗೆ ದೊಡ್ಡದೆನಿಸುತ್ತದೆ.

ಮುಂಬಯಿಯ ಲೋಕಲ್ ರೈಲಿಗೂ ಇದೇ ಲೆಕ್ಕ. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿದ ದೇಶದ ಮೊದಲ ವಿದ್ಯುತ್ ರೈಲು 1500 ವೋಲ್ಟ್‌ನದು. ತಾಮ್ರದ ರೋಧಶೀಲತೆಯನ್ನು ಯಾರೂ ಇಳಿಸಲಾರರು, ತಂತಿಯನ್ನು ದಪ್ಪವಾಗಿಸುವುದಕ್ಕೂ ಮಿತಿಯಿದೆ. ಉಳಿದದ್ದು ವಿದ್ಯುತ್ ಪ್ರವಾಹವನ್ನು ತಗ್ಗಿಸುವ ದಾರಿ. 25,000 ವೋಲ್ಟ್‌ನಲ್ಲಿ ಅಷ್ಟೇ ಸಾಮರ್ಥ್ಯ ಸಾಗಿಸಲು ಪ್ರವಾಹ ಹದಿನೇಳನೆಯ ಒಂದು ಪಾಲು ಸಾಕು, ನಷ್ಟವು ಪ್ರವಾಹದ ವರ್ಗದಂತೆ ಬದಲಾಗುವುದರಿಂದ, ರೋಧ ಅಷ್ಟೇ ಇದ್ದಲ್ಲಿ ಅದು ಸುಮಾರು 278ನೆಯ ಒಂದು ಪಾಲು. 2016ರಲ್ಲಿ ಹಾರ್ಬರ್ ಮಾರ್ಗವೂ ಇದಕ್ಕೆ ಬದಲಾದಾಗ ನಗರದ 1500 ವೋಲ್ಟ್‌ನ ಯುಗ ಮುಗಿಯಿತು.