ಕನಸು ತರುವ ನಾಲ್ಕೂವರೆ ಮಿಲಿಗ್ರಾಂ

ವಾಸಿಯಾಗದ ನೋವಿಗೆಂದು ನಾಲ್ಟ್ರೆಕ್ಸೋನ್ ಎಂಬ ಮದ್ದನ್ನು ಕಿರುಪ್ರಮಾಣದಲ್ಲಿ ತೆಗೆದುಕೊಳ್ಳುವವರಲ್ಲಿ ಹಲವರು ನೋವಿನ ಸುದ್ದಿಗೂ ಮುಂಚೆ ಹೇಳುವುದು ಕನಸಿನ ಸುದ್ದಿ. ಮಲಗುವ ಹೊತ್ತಿಗೆ ನಾಲ್ಕೂವರೆ ಮಿಲಿಗ್ರಾಂನ ಒಂದು ಪುಟ್ಟ ಗುಳಿಗೆ. ಶುರುವಿನ ದಿನಗಳಲ್ಲಿ ನಿದ್ದೆ ತುಂಡುತುಂಡು, ಕನಸುಗಳೋ ಎದ್ದ ಮೇಲೂ ಅಳಿಸದಷ್ಟು ಢಾಳು. ಆಮೇಲೆ ಕೆಲವರು ಮೈ ಹಗುರಾಯಿತು, ತಲೆಗೆ ಕವಿದಿದ್ದ ಮಬ್ಬು ಸರಿಯಿತು ಎನ್ನುತ್ತಾರೆ. ಏನೂ ಆಗದವರು ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಅವರ ಕಥೆ ನಮ್ಮ ಕಿವಿಗೆ ಬೀಳುವುದು ಕಡಿಮೆ. ಈ ಕನಸುಗಳು ನೆನಪಿರಲಿ, ಮುಂದೆ ಬೇಕಾಗುತ್ತವೆ.

ಕಿರುಪ್ರಮಾಣ ಎಂದೊಡನೆ 'ಓಹೋ, ಹೋಮಿಯೋಪಥಿ ಇದ್ದ ಹಾಗೆ' ಎನ್ನುವವರಿದ್ದಾರೆ. ಅಲ್ಲ ಸ್ವಾಮಿ! ನಾಲ್ಕೂವರೆ ಮಿಲಿಗ್ರಾಂ ಮದ್ದಿನಲ್ಲಿ ಸುಮಾರು 70 ಲಕ್ಷ ಲಕ್ಷ ಕೋಟಿ ಅಣುಗಳಿವೆ. ಹೋಮಿಯೋಪಥಿಯ 30ಸಿ ಎಂದರೆ ನೂರರಲ್ಲಿ ಒಂದು ಪಾಲಿನಂತೆ 30 ಸಲ ತೆಳುಮಾಡಿದ್ದು. ಒಂದರ ಮುಂದೆ 60 ಸೊನ್ನೆ. ಮೂಲವಸ್ತುವಿನ ಒಂದೇ ಒಂದು ಅಣು ಅಲ್ಲಿ ಉಳಿದಿದ್ದರೆ ಅದೇ ಪವಾಡ. ಕಡಿಮೆಗೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ.

ಈ ಮದ್ದಿಗೆ ಅಮೆರಿಕದಲ್ಲಿ 1984ರಲ್ಲಿ ಅನುಮತಿ ಸಿಕ್ಕಿದ್ದು ಅಫೀಮು ವರ್ಗದ ಚಟ ಬಿಡಿಸಲೆಂದು, ದಿನಕ್ಕೆ 50 ಮಿಲಿಗ್ರಾಂ ಲೆಕ್ಕದಲ್ಲಿ. ಅದೇ ದಶಕದಲ್ಲಿ ನ್ಯೂಯಾರ್ಕಿನ ವೈದ್ಯ ಬರ್ನಾರ್ಡ್ ಬಿಹಾರಿ ಅದರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆಯನ್ನು ಏಡ್ಸ್ ರೋಗಿಗಳಿಗೆ ಕೊಟ್ಟು ನೋಡಿದರು. ಮುಂದೆ ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್, ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆ, ಮೈಯೆಲ್ಲ ನೋಯುವ ಫೈಬ್ರೋಮಯಾಲ್ಜಿಯಾ ಇರುವವರೂ ಇದರತ್ತ ತಿರುಗಿದರು.

ಹತ್ತು ಪಾಲು ಕಡಿಮೆ ಕೊಟ್ಟರೆ ಹತ್ತು ಪಾಲು ಕಡಿಮೆ ಪರಿಣಾಮ ತಾನೇ? ನನಗೆ ಖುಷಿ ಕೊಡುವ ಸಂಗತಿ ಇರುವುದೇ ಇಲ್ಲಿ. ನಮ್ಮ ದೇಹವೇ ಅಫೀಮಿನಂಥ ನೋವುಶಾಮಕಗಳನ್ನು, ಅಂದರೆ ಎಂಡಾರ್ಫಿನ್‌ಗಳನ್ನು, ತಯಾರಿಸುತ್ತದೆ. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕೋಸ್ಟರ್ಲಿಟ್ಜ್ ಅವುಗಳಲ್ಲೊಂದಾದ ಎಂಕೆಫಾಲಿನ್ ಅನ್ನು ಗುರುತಿಸಿದರು. ಇವು ಕೀಲಿಕೈಗಳಾದರೆ ಜೀವಕೋಶಗಳ ಮೇಲಿನ ಗ್ರಾಹಿಗಳು ಬೀಗಗಳು. ನಾಲ್ಟ್ರೆಕ್ಸೋನ್ ಬೀಗಕ್ಕೆ ಹೊಕ್ಕರೂ ತಿರುಗದ ಕೀಲಿಕೈ. 50 ಮಿಲಿಗ್ರಾಂ ನುಂಗಿದರೆ ಬೀಗಗಳು ದಿನವಿಡೀ ಜಾಮ್. ನಾಲ್ಕೂವರೆ ನುಂಗಿದರೆ ರಾತ್ರಿ ಕೆಲವು ಗಂಟೆ ಮಾತ್ರ. ಆ ಹೊತ್ತಿನಲ್ಲಿ ದೇಹ ಏನು ಮಾಡುತ್ತದೆ? ಬಾಗಿಲು ತೆರೆಯದಿದ್ದಾಗ ನಾವು ಇನ್ನೂ ಜೋರಾಗಿ ಬಡಿಯುವುದಿಲ್ಲವೇ, ಹಾಗೆ ಎಂಡಾರ್ಫಿನ್‌ಗಳನ್ನು ಹೆಚ್ಚಿಸುತ್ತದೆ. ಕತ್ತಲಲ್ಲಿ ಕಣ್ಣಿನ ಪಾಪೆ ಹಿಗ್ಗುವಂತೆ ಗ್ರಾಹಿಗಳನ್ನೂ ಹೆಚ್ಚಿಸುತ್ತದೆ. ಬೆಳಗಿನ ಹೊತ್ತಿಗೆ ಮದ್ದು ಜಾಗ ಖಾಲಿ ಮಾಡುತ್ತದೆ. ಒಡ್ಡು ತೆಗೆದ ಹೊಳೆಯಂತೆ ಕಟ್ಟಿನಿಂತದ್ದೆಲ್ಲ ಒಮ್ಮೆಗೇ ಹರಿಯುತ್ತದೆ. (ಹೋಲಿಕೆ ನಾಲ್ಕಾದವು, ಸಾಕು.) ಮನುಷ್ಯರ ಮಟ್ಟಿಗೆ ಇದು ಊಹೆಯೇ. ಆದರೆ 1983ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಜಾಗನ್ ಮತ್ತು ಮೆಕ್‌ಲಾಫ್ಲಿನ್ ಗಡ್ಡೆಯ ಕೋಶ ಚುಚ್ಚಿದ ಇಲಿಗಳಿಗೆ ಇದನ್ನು ಕೊಟ್ಟಾಗ, ಕಡಿಮೆ ಪ್ರಮಾಣ ಗಡ್ಡೆಯನ್ನು ತಡೆಯಿತು, ಹೆಚ್ಚು ಪ್ರಮಾಣ ಬೆಳೆಸಿತು. ಒಂದೇ ಮದ್ದು, ತದ್ವಿರುದ್ಧ ಫಲ! ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳ ಸಿಟ್ಟನ್ನು ಇದು ತಣಿಸುತ್ತದೆ ಎಂಬ ಬೇರೊಂದು ವಾದವೂ ಇದೆ.

'ಇದೆಲ್ಲ ಬರೀ ನಂಬಿಕೆಯ ಆಟ' ಎನ್ನುವವರಿಗೊಂದು ತಮಾಷೆ ಹೇಳಬೇಕು. 1978ರಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ಎಂಬ ಮೂವರು, ಹಲ್ಲು ಕೀಳಿಸಿಕೊಂಡು, ಮದ್ದಿನ ಅಂಶವೇ ಇಲ್ಲದ ಹುಸಿಮದ್ದಿನಿಂದಲೇ ನೋವು ಇಳಿದಿದ್ದವರಿಗೆ, ಅದೇ ಬೀಗಗಳನ್ನು ಜಾಮ್ ಮಾಡುವ ನಾಲ್ಟ್ರೆಕ್ಸೋನಿನ ಸೋದರ ನಾಲೋಕ್ಸೋನ್ ಕೊಟ್ಟರು. ನೋವು ಮರಳಿತು! ಹುಸಿಮದ್ದಿನ ಸಮಾಧಾನವೂ ಎಂಡಾರ್ಫಿನ್ ಬಾಗಿಲಿನಿಂದಲೇ ಬರುತ್ತದೆ ಎಂದಾಯಿತು. ಆ ಬಾಗಿಲನ್ನೇ ಮುಚ್ಚುವ ಮದ್ದಿನ ಮೇಲೆ ಹುಸಿಮದ್ದೆಂಬ ಆರೋಪ!

ಹಾಗೆಂದು ಆರೋಪ ಸುಳ್ಳೆನ್ನಲಾರೆ. ಏರಿಳಿಯುವ ಕಾಯಿಲೆಯಲ್ಲಿ ಜನ ಹೊಸ ಮದ್ದು ಹುಡುಕುವುದು ನೋವು ತುತ್ತತುದಿಗೆ ಹೋದಾಗ. ಅಲ್ಲಿಂದ ಅದು ತಾನಾಗಿಯೇ ಇಳಿಯುವುದೂ ಉಂಟು. ಅಮೆರಿಕದಲ್ಲಿ 31 ಫೈಬ್ರೋಮಯಾಲ್ಜಿಯಾ ಮಹಿಳೆಯರ ಮೇಲೆ ಜ್ಯಾರೆಡ್ ಯಂಗರ್ ತಂಡ ನಡೆಸಿದ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮದ್ದಿನಿಂದ ನೋವು ಶೇ. 28.8ರಷ್ಟು, ಹುಸಿಮದ್ದಿನಿಂದ ಶೇ. 18ರಷ್ಟು ತಗ್ಗಿತು. ಆಮೇಲೆ ಡೆನ್ಮಾರ್ಕಿನಲ್ಲಿ 99 ಮಹಿಳೆಯರಿಗೆ 6 ಮಿಲಿಗ್ರಾಂನಂತೆ 12 ವಾರ ಕೊಟ್ಟು ಅಳೆದರು: ಹತ್ತರ ಅಳತೆಪಟ್ಟಿಯಲ್ಲಿ ಮದ್ದಿನವರ ನೋವು 1.3 ಇಳಿದರೆ ಹುಸಿಮದ್ದಿನವರದು 0.9. ಆಕಸ್ಮಿಕವಲ್ಲ ಎನ್ನುವಷ್ಟು ಅಂತರ ಅದಲ್ಲ. ನೆನಪಿನ ತೊಂದರೆ ಮಾತ್ರ ಮದ್ದಿನವರಲ್ಲಿ ತುಸು ತಗ್ಗಿದಂತೆ ಕಂಡಿತು.

ಪೇಟೆಂಟ್ ಮುಗಿದ ಅಗ್ಗದ ಮದ್ದಿನ ಮೇಲೆ ದೊಡ್ಡ ಪ್ರಯೋಗಕ್ಕೆ ದುಡ್ಡು ಸುರಿಯುವ ಕಂಪನಿ ಸಿಗುವುದು ಕಷ್ಟ. ಗುಳಿಗೆ ಸಾಮಾನ್ಯವಾಗಿ ಬರುವುದೂ 50 ಮಿಲಿಗ್ರಾಂನಲ್ಲೇ. ಕಿರುಪ್ರಮಾಣವನ್ನು ಔಷಧಗಾರರು ಬೇರೆಯಾಗಿ ತಯಾರಿಸಿ ಕೊಡಬೇಕು. ಮಾರ್ಫಿನ್, ಟ್ರಮಡಾಲ್‌ನಂಥ ಅಫೀಮು ವರ್ಗದ ನೋವಿನ ಮದ್ದು ತೆಗೆದುಕೊಳ್ಳುತ್ತಿರುವವರು ಇದನ್ನು ಮುಟ್ಟಲೇಬಾರದು. ಚಟ ಬಿಟ್ಟಾಗಿನ ಯಾತನೆ ಏಕಾಏಕಿ ಎರಗಬಹುದು.

ಇನ್ನು ಆ ಕನಸುಗಳು. ಯಾರಿಗೆ ಯಾವ ಗುಳಿಗೆ ಎಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಇಡುವುದೇ ಇಂಥ ಪ್ರಯೋಗಗಳ ಜೀವಾಳ. ಯಂಗರ್ ಪ್ರಯೋಗದಲ್ಲಿ ಢಾಳು ಕನಸುಗಳು ಹುಸಿಮದ್ದಿಗಿಂತ ಅಸಲಿ ಮದ್ದು ನುಂಗಿದಾಗಲೇ ಹೆಚ್ಚು ಬಿದ್ದವು. ಎಷ್ಟೇ ಗುಟ್ಟಾಗಿಟ್ಟರೂ, ರಾತ್ರಿ ಅಂಥ ಕನಸು ಕಂಡವಳಿಗೆ ಬೆಳಿಗ್ಗೆ ತಾನು ನುಂಗಿದ್ದು ಯಾವುದೆಂದು ಸುಳಿವು ಸಿಕ್ಕಿರುತ್ತದೆ.