ಮೈಟೊಕಾಂಡ್ರಿಯಾದೊಳಗೆ ಪ್ರತ್ಯೇಕ ಡಿಎನ್‌ಎ ಏಕಿದೆ?

ಪ್ರಶ್ನೆ: ನನ್ನ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಜೀವಕೋಶದ ಎಲ್ಲ ಚಟುವಟಿಕೆಗಳನ್ನೂ ಕೋಶಕೇಂದ್ರವೇ ನಿಯಂತ್ರಿಸುತ್ತದೆ ಎಂದು ಪಾಠದಲ್ಲಿದೆ. ಮೈಟೊಕಾಂಡ್ರಿಯಾಕ್ಕೆ ತನ್ನದೇ ಆದ ಡಿಎನ್‌ಎ ಇದೆ ಎಂದೂ ಅದೇ ಪಾಠ ಹೇಳುತ್ತದೆ. ಕೋಶಕೇಂದ್ರ ಇರುವಾಗ ಇದಕ್ಕೆ ಬೇರೆ ಡಿಎನ್‌ಎ ಯಾಕೆ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಪಾಠದ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಇದು. ಕೋಶಕ್ಕೆ ಬೇಕಾದ ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯಾ ಒಂದು ಕಾಲದಲ್ಲಿ ಸ್ವತಂತ್ರವಾಗಿ ಬದುಕುತ್ತಿದ್ದ ಬ್ಯಾಕ್ಟೀರಿಯಾದ ಸಂತತಿ. ನೂರು ಕೋಟಿ ವರ್ಷಗಳಿಗೂ ಬಹಳ ಹಿಂದೆ ಆ ಬ್ಯಾಕ್ಟೀರಿಯಾ ಇನ್ನೊಂದು ಕೋಶದೊಳಗೆ ಸೇರಿ ಅಲ್ಲಿಯೇ ನೆಲೆಯೂರಿತು. ಅದು ತನ್ನೊಂದಿಗೆ ತಂದ ಡಿಎನ್‌ಎಯಲ್ಲಿ ಅಳಿದುಳಿದ ಭಾಗವನ್ನೇ ನಾವು ಇಂದು ಕಾಣುತ್ತೇವೆ. ಆದರೆ ಇಷ್ಟರಿಂದ ಪ್ರಶ್ನೆಯ ಅರ್ಧಕ್ಕೆ ಮಾತ್ರ ಉತ್ತರ ಸಿಕ್ಕಂತಾಗುತ್ತದೆ. ಬಹುಪಾಲು ಜೀನ್‌ಗಳು ಕೋಶಕೇಂದ್ರಕ್ಕೆ ಸೇರಿಹೋದ ಮೇಲೂ ಕೆಲವು ಮಾತ್ರ ಮೈಟೊಕಾಂಡ್ರಿಯಾದಲ್ಲಿಯೇ ಏಕೆ ಉಳಿದವು ಎಂಬುದು ಇನ್ನರ್ಧ, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಆಳವಾದದ್ದು ಅದೇ.

ಮೈಟೊಕಾಂಡ್ರಿಯಾದಲ್ಲಿ ಡಿಎನ್‌ಎ ಎಳೆಗಳಿರುವುದನ್ನು ಮಾರ್ಗಿಟ್ ನಾಸ್ ಮತ್ತು ಸಿಲ್ವನ್ ನಾಸ್ ದಂಪತಿ 1963ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ತೋರಿಸಿಕೊಟ್ಟರು. 1967ರಲ್ಲಿ ಲಿನ್ ಮಾರ್ಗುಲಿಸ್ ಅವರು, ಇಂತಹ ಕಣದಂಗಗಳು (ಕೋಶದೊಳಗಿನ ಪುಟ್ಟ ಅಂಗಗಳು) ಮೂಲತಃ ಬ್ಯಾಕ್ಟೀರಿಯಾಗಳೇ ಎಂಬ ಹಳೆಯ ಊಹೆಯನ್ನು ಹೊಸ ಪುರಾವೆಗಳೊಂದಿಗೆ ಮತ್ತೆ ಮುಂದಿಟ್ಟರು. ಅಂದು ಅದನ್ನು ಒಪ್ಪಿದವರು ಕಡಿಮೆ. ಇಂದು ಒಪ್ಪದವರನ್ನು ಹುಡುಕುವುದೇ ಕಷ್ಟ. ಮೈಟೊಕಾಂಡ್ರಿಯಾಕ್ಕೆ ಎರಡು ಪೊರೆಗಳಿವೆ. ನಮ್ಮ ಕೋಶಗಳಲ್ಲಿ ಅದರ ಡಿಎನ್‌ಎ, ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಇರುವಂತೆಯೇ, ಉಂಗುರದ ಆಕಾರದಲ್ಲಿದೆ. ಕೋಶವು ಮೈಟೊಕಾಂಡ್ರಿಯಾವನ್ನು ಹೊಸದಾಗಿ ಕಟ್ಟಲಾರದು. ಇರುವ ಮೈಟೊಕಾಂಡ್ರಿಯಾ ಬೆಳೆದು ವಿಭಜನೆಗೊಂಡರೆ ಮಾತ್ರ ಇನ್ನೊಂದು ಬರುತ್ತದೆ. ಪ್ರೋಟೀನ್ ತಯಾರಿಸುವ ಅದರೊಳಗಿನ ಘಟಕಗಳಾದ ರೈಬೋಸೋಮ್‌ಗಳು ಬ್ಯಾಕ್ಟೀರಿಯಾದ ರೈಬೋಸೋಮ್‌ಗಳನ್ನು ಎಷ್ಟು ಹೋಲುತ್ತವೆಯೆಂದರೆ, ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಕೆಯನ್ನು ತಡೆಯುವ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ಮೈಟೊಕಾಂಡ್ರಿಯಾದ ರೈಬೋಸೋಮನ್ನೂ ತಡೆಯುತ್ತದೆ, ಆದರೆ ಕೋಶದ್ರವ್ಯದಲ್ಲಿರುವ ನಮ್ಮ ರೈಬೋಸೋಮ್‌ಗಳನ್ನು ಮುಟ್ಟುವುದಿಲ್ಲ. ಸಸ್ಯಗಳಲ್ಲಿ ಬೆಳಕಿನಿಂದ ಆಹಾರ ತಯಾರಿಸುವ ಕ್ಲೋರೋಪ್ಲಾಸ್ಟ್‌ನ ಚರಿತ್ರೆಯೂ ಇಂಥದ್ದೇ. ಅದರ ಪೂರ್ವಜ ಸಯಾನೋಬ್ಯಾಕ್ಟೀರಿಯಾ.

ಇನ್ನು ಉಳಿದ ಜೀನ್‌ಗಳ ವಿಚಾರ. ಮನುಷ್ಯನ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿರುವುದು 16,569 ಅಕ್ಷರಜೋಡಿಗಳು ಮತ್ತು 37 ಜೀನ್‌ಗಳು. ಅವುಗಳಲ್ಲಿ 24 ಜೀನ್‌ಗಳು ಪ್ರೋಟೀನ್ ತಯಾರಿಕೆಗೆ ಬೇಕಾದ ಆರ್‌ಎನ್‌ಎಗಳಿಗೆ ಸೇರಿದವು. ಪ್ರೋಟೀನ್ ರೂಪಿಸುವವು 13 ಮಾತ್ರ. ಮೈಟೊಕಾಂಡ್ರಿಯಾಕ್ಕೆ ಬೇಕಾದ ಪ್ರೋಟೀನ್‌ಗಳಾದರೋ ಸಾವಿರಕ್ಕೂ ಹೆಚ್ಚು. ಉಳಿದವೆಲ್ಲ ಕೋಶಕೇಂದ್ರದ ಆದೇಶದಂತೆ ಕೋಶದ್ರವ್ಯದಲ್ಲಿ ತಯಾರಾಗಿ, ಪೊರೆಗಳಲ್ಲಿರುವ ದ್ವಾರಗಳ ಮೂಲಕ ಒಳಗೆ ಬರುತ್ತವೆ.

ಆ 13 ಪ್ರೋಟೀನ್‌ಗಳು ಎಲ್ಲಿ ಕೆಲಸ ಮಾಡುತ್ತವೆ ಎಂದು ಗಮನಿಸಿದರೆ ಒಂದು ಸುಳಿವು ಸಿಗುತ್ತದೆ. ಒಂದನ್ನೂ ಬಿಡದೆ ಎಲ್ಲವೂ ಒಳಪೊರೆಯಲ್ಲಿವೆ. ಮಡಿಕೆ ಮಡಿಕೆಯಾಗಿರುವ ಈ ಒಳಪೊರೆಯಲ್ಲಿಯೇ ಆಹಾರದಿಂದ ಬಂದ ಎಲೆಕ್ಟ್ರಾನ್‌ಗಳು ಒಂದು ಪ್ರೋಟೀನ್ ಸಂಕೀರ್ಣದಿಂದ ಇನ್ನೊಂದಕ್ಕೆ ಸಾಗಿ ಕೊನೆಗೆ ಆಕ್ಸಿಜನ್ ಅನ್ನು ಸೇರುತ್ತವೆ. ಆ ಹಾದಿಯಲ್ಲಿ ಪ್ರೋಟಾನ್‌ಗಳು ಪೊರೆಯ ಆಚೆಗೆ ದೂಡಲ್ಪಡುತ್ತವೆ. ಅಣೆಕಟ್ಟಿನ ಹಿಂದೆ ನಿಂತ ನೀರು ಟರ್ಬೈನಿನ ಮೂಲಕ ಇಳಿಯುವಂತೆ, ಆಚೆ ಸೇರಿದ ಪ್ರೋಟಾನ್‌ಗಳು ಎಟಿಪಿ ಸಿಂಥೇಸ್ ಎಂಬ ಕಿಣ್ವದ ಮೂಲಕ ಒಳಕ್ಕೆ ಹರಿಯುತ್ತವೆ. ಆಗ ಆ ಕಿಣ್ವದ ಒಂದು ಭಾಗ ನಿಜವಾಗಿಯೂ ತಿರುಗುತ್ತದೆ, ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ತಯಾರಾಗುತ್ತದೆ. ಪೀಟರ್ ಮಿಚೆಲ್ ಅವರು 1961ರಲ್ಲಿ ಮಂಡಿಸಿದ ಈ ವಿವರಣೆಗೆ 1978ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಈ 13 ಜೀನ್‌ಗಳು ಕೋಶಕೇಂದ್ರಕ್ಕೆ ಹೋಗದಿರಲು ವಿಜ್ಞಾನಿಗಳು ಮುಖ್ಯವಾಗಿ ಮೂರು ಕಾರಣಗಳನ್ನು ಮುಂದಿಡುತ್ತಾರೆ. ಮೊದಲನೆಯದಾಗಿ, ಇವುಗಳಲ್ಲಿ ಹಲವು ಪ್ರೋಟೀನ್‌ಗಳು ನೀರನ್ನು ಬಹಳವಾಗಿ ದೂರವಿಡುವ ಸ್ವಭಾವದವು. ಹೊರಗೆ ತಯಾರಾದರೆ ಸರಿಯಾದ ಪೊರೆಯನ್ನು ತಲುಪುವ ಮೊದಲೇ ಬೇರೆಡೆ ಸಿಕ್ಕಿಕೊಳ್ಳುವ ಸಾಧ್ಯತೆಯಿದೆ. ಎರಡನೆಯ ವಾದ ಜಾನ್ ಅಲೆನ್ ಅವರದು. ಒಂದು ಕೋಶದಲ್ಲಿ ನೂರಾರು ಮೈಟೊಕಾಂಡ್ರಿಯಾಗಳಿರಬಹುದು, ಮತ್ತು ಯಾವುದೋ ಒಂದರ ಒಳಪೊರೆಯಲ್ಲಿ ಎಲೆಕ್ಟ್ರಾನ್‌ಗಳ ಸಾಗಾಟದಲ್ಲಿ ಏರುಪೇರಾದಾಗ ದೂರದ ಕೋಶಕೇಂದ್ರದಿಂದ ಅದಕ್ಕೊಂದಕ್ಕೇ ಬೇಕಾದ ಪ್ರೋಟೀನ್ ಕಳಿಸುವುದು ಕಷ್ಟ. ಜೀನ್ ಸ್ಥಳದಲ್ಲಿಯೇ ಇದ್ದರೆ ಕೂಡಲೇ ಸರಿಪಡಿಸಿಕೊಳ್ಳಬಹುದು. ಈ ವಾದ ನನಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಕ್ಲೋರೋಪ್ಲಾಸ್ಟ್‌ನಲ್ಲಿಯೂ ಎಲೆಕ್ಟ್ರಾನ್ ಸಾಗಿಸುವ ಮುಖ್ಯ ಪ್ರೋಟೀನ್‌ಗಳ ಜೀನ್‌ಗಳೇ ಸ್ಥಳದಲ್ಲಿ ಉಳಿದಿವೆ. ಮೂರನೆಯದು ಸಂಕೇತದ ವ್ಯತ್ಯಾಸ: ಕೋಶಕೇಂದ್ರದ ಲಿಪಿಯಲ್ಲಿ ಯುಜಿಎ ಎಂಬ ಮೂರಕ್ಷರದ ಸಂಕೇತ ಎಂದರೆ ಪ್ರೋಟೀನ್ ಸರಪಣಿಯನ್ನು ಅಲ್ಲಿಗೇ ನಿಲ್ಲಿಸು ಎಂದು, ನಮ್ಮ ಮೈಟೊಕಾಂಡ್ರಿಯಾದಲ್ಲಿ ಅದು ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ಸೂಚಿಸುತ್ತದೆ. ಹೀಗಾಗಿ ಈಗ ಅಂಥ ಜೀನ್ ಒಂದು ಕೋಶಕೇಂದ್ರಕ್ಕೆ ಹೋದರೂ ಅದರ ಪ್ರೋಟೀನ್ ಅರ್ಧದಲ್ಲೇ ತುಂಡಾಗುತ್ತದೆ. ಆದರೆ ಸಸ್ಯಗಳ ಮೈಟೊಕಾಂಡ್ರಿಯಾದಲ್ಲಿ ಈ ವ್ಯತ್ಯಾಸವಿಲ್ಲದಿದ್ದರೂ ಜೀನ್‌ಗಳು ಉಳಿದಿರುವುದರಿಂದ, ಇದೊಂದೇ ಕಾರಣ ಸಾಲದು.

ನಿಮ್ಮ ಮಗಳಿಗೆ ಮೈಟೊಕಾಂಡ್ರಿಯಾವನ್ನು ಕಣ್ಣಾರೆ ತೋರಿಸಬೇಕೆಂದಿದ್ದರೆ ಶಾಲೆಯ ಪ್ರಯೋಗಾಲಯದಲ್ಲಿಯೇ ಅದು ಸಾಧ್ಯ. ಈರುಳ್ಳಿ ಎಸಳಿನ ಒಳಮೈಯ ತೆಳುವಾದ ಸಿಪ್ಪೆಯನ್ನು, ಸಾಮಾನ್ಯವಾಗಿ ಬಳಸುವ ಅಯೋಡಿನ್ ಬದಲು, ಬಹಳ ತೆಳುವಾಗಿ ಕಲಸಿದ ಜಾನಸ್ ಗ್ರೀನ್ ಬಿ ಬಣ್ಣದಲ್ಲಿ ಕೆಲವು ನಿಮಿಷ ಇಡಬೇಕು. ಉತ್ತಮ ಮಸೂರವಿರುವ ಸೂಕ್ಷ್ಮದರ್ಶಕದಲ್ಲಿ, ಕೋಶಭಿತ್ತಿಯ ಅಂಚಿನ ಕೋಶದ್ರವ್ಯದಲ್ಲಿ, ನೀಲಿ-ಹಸಿರಿನ ಸಣ್ಣ ಚುಕ್ಕೆಗಳು ಸರಿದಾಡುವುದು ಕಾಣುತ್ತದೆ. ಕೋಶ ಜೀವಂತವಾಗಿರುವಾಗಲೇ ನೋಡಬೇಕು, ಏಕೆಂದರೆ ಮೈಟೊಕಾಂಡ್ರಿಯಾದ ಕಿಣ್ವಗಳು ಕೆಲಸ ಮಾಡುತ್ತಿರುವುದರಿಂದಲೇ ಆ ಬಣ್ಣ ಅಲ್ಲಿ ಉಳಿಯುತ್ತದೆ; ಸ್ವಲ್ಪ ಹೊತ್ತಿನಲ್ಲಿ ಅದು ಮಾಸಿಹೋಗುತ್ತದೆ.

ಮೈಟೊಕಾಂಡ್ರಿಯಾದ ಡಿಎನ್‌ಎ ನಮಗೆ ತಾಯಿಯಿಂದ ಮಾತ್ರ ಬರುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಅದರಲ್ಲಿನ ದೋಷಗಳಿಂದ ಬರುವ ಕಾಯಿಲೆಗಳು ನರ, ಸ್ನಾಯು, ಕಣ್ಣು, ಹೃದಯಗಳಂತಹ ಹೆಚ್ಚು ಶಕ್ತಿ ಬೇಡುವ ಅಂಗಗಳನ್ನೇ ಬಾಧಿಸುತ್ತವೆ. ಇಂತಹ ಕಾಯಿಲೆಗಳೆಲ್ಲವೂ ತಾಯಿಯ ಕಡೆಯಿಂದಲೇ ಬರುತ್ತವೆ ಎಂದುಕೊಳ್ಳುವುದು ತಪ್ಪು. ಮೈಟೊಕಾಂಡ್ರಿಯಾದ ಹೆಚ್ಚಿನ ಪ್ರೋಟೀನ್‌ಗಳ ಜೀನ್‌ಗಳು ಕೋಶಕೇಂದ್ರದಲ್ಲಿರುವುದರಿಂದ, ತಂದೆ ತಾಯಿ ಇಬ್ಬರಿಂದಲೂ ಬಂದ ಜೀನ್‌ಗಳ ದೋಷದಿಂದಲೂ ಮೈಟೊಕಾಂಡ್ರಿಯಾ ಕೆಡಬಹುದು.

ಹಾಗಾದರೆ ಪಾಠದ ಮೊದಲ ವಾಕ್ಯ ತಪ್ಪೇ? ಪರೀಕ್ಷೆಯಲ್ಲಿ ಅದನ್ನು ಹಾಗೆಯೇ ಬರೆಯಬಹುದು, ಆದರೆ 'ಎಲ್ಲ' ಎಂಬಲ್ಲಿ 'ಬಹುತೇಕ' ಎಂದಿದ್ದರೆ ಹೆಚ್ಚು ಸರಿ. ಎಲೆಕ್ಟ್ರಾನ್‌ಗಳನ್ನು ಕಟ್ಟಕಡೆಗೆ ಆಕ್ಸಿಜನ್‌ಗೆ ಒಪ್ಪಿಸುವ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಸಂಕೀರ್ಣದ ಮೂರು ಮುಖ್ಯ ಪ್ರೋಟೀನ್‌ಗಳನ್ನು ಮೈಟೊಕಾಂಡ್ರಿಯಾ ತನ್ನ ಜೀನ್‌ಗಳಿಂದ ತಯಾರಿಸುತ್ತದೆ, ಉಳಿದವು ಕೋಶಕೇಂದ್ರದ ಜೀನ್‌ಗಳಿಂದ ಬರುತ್ತವೆ. ಈ ಎರಡರಲ್ಲಿ ಯಾವುದು ಕೈಕೊಟ್ಟರೂ ಆ ಸಂಕೀರ್ಣ ಸರಿಯಾಗಿ ಜೋಡಣೆಯಾಗುವುದಿಲ್ಲ.