ರೀಬೂಟ್ ಅಂದರೇನು? ಒಬ್ಬ ಸ್ಟಾರ್ ಟ್ರೆಕ್ ಅಭಿಮಾನಿಯ ಉತ್ತರ

ಹೆಸರಾದ ಒಂದು ಸಿನಿಮಾ ಅಥವಾ ಟಿವಿ ಸರಣಿಯ ಹೆಸರು, ಪಾತ್ರಗಳು, ಲೋಕ ಇಷ್ಟನ್ನು ಇಟ್ಟುಕೊಂಡು, ಅಲ್ಲಿಯವರೆಗೆ ನಡೆದ ಕಥೆಯನ್ನು ಬದಿಗೆ ಸರಿಸಿ ಮತ್ತೆ ಮೊದಲಿನಿಂದ ಶುರು ಮಾಡುವುದೇ ರೀಬೂಟ್. ಕಂಪ್ಯೂಟರ್ ಬಳಸುವವರ ಮಾತು ಸಿನಿಮಾದವರ ಬಾಯಿಗೆ ಬಂದದ್ದು. ರೀಮೇಕ್ ಎಂದರೇನೆಂದು ಕನ್ನಡ ಪ್ರೇಕ್ಷಕರಿಗೆ ಹೇಳಿಕೊಡಬೇಕಿಲ್ಲ. ಸೀಕ್ವೆಲ್ ಕಥೆಯನ್ನು ಮುಂದಕ್ಕೆ ಒಯ್ಯುತ್ತದೆ, ಪ್ರೀಕ್ವೆಲ್ ಹಿಂದಕ್ಕೆ. ಇವುಗಳಿಂದ ಹಳೆಯದಕ್ಕೆ ಸಾಮಾನ್ಯವಾಗಿ ಧಕ್ಕೆಯಿಲ್ಲ. ರೀಬೂಟ್ ಮಾತ್ರ ಅಭಿಮಾನಿಗಳು ‘ಕ್ಯಾನನ್’ ಎನ್ನುವುದಕ್ಕೇ ಕೈ ಹಾಕುತ್ತದೆ. ಆ ಲೋಕದಲ್ಲಿ ನಿಜವಾಗಿ ನಡೆದದ್ದು ಎಂದು ಎಲ್ಲರೂ ಒಪ್ಪಿಕೊಂಡ ಘಟನೆಗಳೆಲ್ಲ ಸೇರಿ ಕ್ಯಾನನ್. ವರ್ಷಗಟ್ಟಲೆ ಒಂದು ಸರಣಿಯ ಜೊತೆ ಬೆಳೆದವರಿಗೆ ಕಸಿವಿಸಿಯಾಗುವುದು ಇಲ್ಲಿಯೇ. ಹೊಸ ನಟರು ಬಂದರೆಂದು ಯಾರೂ ಅಷ್ಟು ಕೊರಗುವುದಿಲ್ಲ. ತಾವು ಕಂಡದ್ದು ನಡೆದೇ ಇಲ್ಲ ಎಂದುಬಿಟ್ಟರೆ ಎಂಬ ಭಯ ಅವರದು.

ನನಗೆ ಈ ಭಯ ಕಾಡಿದ್ದು 2009ರಲ್ಲಿ, ‘ಸ್ಟಾರ್ ಟ್ರೆಕ್’ ರೀಬೂಟ್ ಆದಾಗ. ಜೀನ್ ರಾಡನ್‌ಬೆರಿ ಸೃಷ್ಟಿಸಿದ, ಬಾಹ್ಯಾಕಾಶ ಯಾನದ ಕಥೆಯ ಮೂಲ ಸರಣಿ ಅಮೆರಿಕದ ಎನ್‌ಬಿಸಿ ಟಿವಿಯಲ್ಲಿ 1966ರಿಂದ 1969ರವರೆಗೆ ಪ್ರಸಾರವಾಯಿತು. ಮೂರು ಸೀಸನ್, 79 ಕಂತು. ನಮ್ಮಲ್ಲಿ ಅನೇಕರಿಗೆ ನೌಕೆಯ ಕ್ಯಾಪ್ಟನ್ ಕರ್ಕ್, ಅವನ ಜೊತೆಗಾರನಾದ ವಲ್ಕನ್ ಗ್ರಹದ ಸ್ಪಾಕ್, ವೈದ್ಯ ಮೆಕಾಯ್ ಪರಿಚಯವಾದದ್ದು 80ರ ದಶಕದ ದೂರದರ್ಶನದಲ್ಲಿ. ಅನಂತರ ಸಿನಿಮಾಗಳು ಬಂದವು, ಬೇರೆ ಬೇರೆ ಸರಣಿಗಳೂ ಬಂದವು. 2002ರಲ್ಲಿ ಹತ್ತನೆಯ ಸಿನಿಮಾ ಸೋತಿತು, 2005ರಲ್ಲಿ ಟಿವಿಯಲ್ಲಿದ್ದ ಸರಣಿಯೂ ನಿಂತಿತು. ಹೊಸದಾಗಿ ಶುರು ಮಾಡುವ ಕೆಲಸ ಜೆ.ಜೆ. ಅಬ್ರಾಮ್ಸ್ ಪಾಲಿಗೆ ಬಂತು. ಕರ್ಕ್ ಆಗಿ ಕ್ರಿಸ್ ಪೈನ್, ಸ್ಪಾಕ್ ಆಗಿ ಜಕಾರಿ ಕ್ವಿಂಟೊ.

ಅವರು ಹಳೆಯದನ್ನು ಅಳಿಸಲಿಲ್ಲ. ಭವಿಷ್ಯದಿಂದ ನೀರೊ ಎಂಬ ರೊಮುಲನ್, ಎಂದರೆ ರೊಮುಲಸ್ ಗ್ರಹದವನು, 2233ಕ್ಕೆ ಬಂದು ಬೀಳುತ್ತಾನೆ, ‘ಕೆಲ್ವಿನ್’ ಎಂಬ ನೌಕೆಯನ್ನು ನಾಶ ಮಾಡುತ್ತಾನೆ. ಕರ್ಕ್ ಹುಟ್ಟುವ ಹೊತ್ತಿಗೇ ಅವನ ತಂದೆ ಸಾಯುತ್ತಾನೆ. ಇತಿಹಾಸ ಅಲ್ಲಿಂದ ಕವಲೊಡೆಯುತ್ತದೆ. ಈ ಕವಲನ್ನು ಈಗ ಕೆಲ್ವಿನ್ ಟೈಮ್‌ಲೈನ್ ಎನ್ನುತ್ತಾರೆ, ಹಳೆಯದು ಪ್ರೈಮ್ ಟೈಮ್‌ಲೈನ್. 1966ರಿಂದ ಸ್ಪಾಕ್ ಆಗಿದ್ದ ಲಿಯೊನಾರ್ಡ್ ನಿಮೋಯ್ ಅವರೇ ವೃದ್ಧ ಸ್ಪಾಕ್ ಆಗಿ ಹಳೆಯ ಕಾಲರೇಖೆಯಿಂದ ಹೊಸದಕ್ಕೆ ಬಂದರು. ನಾವು ನೋಡಿದ್ದೆಲ್ಲ ನಡೆದಿದೆ ಎನ್ನಲು ತೆರೆಯ ಮೇಲೆ ಅವರೇ ಸಾಕ್ಷಿ. ಹಳೆಯ ಪ್ರೇಕ್ಷಕರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವ ರೀಬೂಟ್ ಕೊಟ್ಟದ್ದನ್ನೂ ನಾನು ಕಾಣೆ. ಹೀಗೆ ಹಳೆಯದರ ಕೊಂಡಿ ಉಳಿಸಿಕೊಳ್ಳುವುದನ್ನು ‘ಸಾಫ್ಟ್ ರೀಬೂಟ್’ ಎನ್ನುವುದುಂಟು.

ಹಾಗೆಂದು ನೋವಾಗಲಿಲ್ಲ ಎಂದಲ್ಲ. ಈ ಸಿನಿಮಾದಲ್ಲಿ ಸ್ಪಾಕ್‌ನ ವಲ್ಕನ್ ಗ್ರಹವೇ ಇಲ್ಲವಾಗುತ್ತದೆ. ತಾಯಿ ಅಮಂಡಾ ನಿಂತ ಬಂಡೆ ಕುಸಿಯುತ್ತದೆ, ಸ್ಪಾಕ್ ಕೈ ಚಾಚುತ್ತಾನೆ. ಕ್ಷಣಾರ್ಧದಲ್ಲಿ ಸಾಗಿಸುವ ಯಂತ್ರದಿಂದ ನೌಕೆಗೆ ಬಂದಿಳಿದಾಗಲೂ ಆ ಕೈ ಚಾಚಿದಂತೆಯೇ ಇರುತ್ತದೆ, ಎದುರಿಗೆ ಯಾರೂ ಇಲ್ಲ. 1967ರ ‘ಜರ್ನಿ ಟು ಬೇಬೆಲ್’ ಕಂತು ನೋಡಿದವರಿಗೆ ಇದು ಇನ್ನಷ್ಟು ತಟ್ಟುತ್ತದೆ. ಅದರಲ್ಲಿ ತಂದೆಯ ಶಸ್ತ್ರಚಿಕಿತ್ಸೆಗೆ ಸ್ಪಾಕ್‌ನ ರಕ್ತ ಬೇಕು. ನೌಕೆಯ ಹೊಣೆ ನನ್ನ ಮೇಲಿದೆ, ಬಿಟ್ಟು ಬರಲಾರೆ ಎನ್ನುತ್ತಾನೆ ಮಗ. ಅಮಂಡಾ ಅವನ ಕೆನ್ನೆಗೆ ಹೊಡೆಯುತ್ತಾಳೆ. ಹೊಸ ಸ್ಪಾಕ್‌ನ ಬದುಕಿನಲ್ಲಿ ಆ ಏಟಿಗೂ ಜಾಗವಿಲ್ಲ. ಆದರೂ ಈ ನಷ್ಟವನ್ನು ನಾನು ಒಪ್ಪುತ್ತೇನೆ. ಮುಂದೇನೆಂದು ಗೊತ್ತಿದ್ದ ನಮ್ಮಂಥವರಿಗೆ ಇನ್ನು ಏನು ಬೇಕಾದರೂ ಆಗಬಹುದು ಎಂಬ ಆತಂಕ ಹುಟ್ಟಿಸಿದ್ದು ಈ ದೃಶ್ಯವೇ.

ಒಪ್ಪಲಾಗದ್ದು 2013ರ ಎರಡನೆಯ ಸಿನಿಮಾ. ಹಳೆಯ ಖಳನಾಯಕ ಖಾನ್‌ನನ್ನು ಅದರಲ್ಲಿ ಮತ್ತೆ ತಂದರು. 1967ರ ‘ಸ್ಪೇಸ್ ಸೀಡ್’ ಕಂತಿನ ಖಾನ್‌ನ ಪೂರ್ತಿ ಹೆಸರು ಖಾನ್ ನೂನಿಯನ್ ಸಿಂಗ್. ಅವನು ಉತ್ತರ ಭಾರತದವನು, ಬಹುಶಃ ಸಿಖ್ ಎಂದು ನೌಕೆಯ ಇತಿಹಾಸಕಾರ್ತಿ ಊಹಿಸುತ್ತಾಳೆ. ಆಗ ಆ ಪಾತ್ರ ಮಾಡಿದ್ದು ಮೆಕ್ಸಿಕೊ ಮೂಲದ ರಿಕಾರ್ಡೊ ಮೊಂಟಲ್ಬಾನ್. 46 ವರ್ಷಗಳ ಬಳಿಕ ಆ ಪಾತ್ರವನ್ನು ಭಾರತೀಯ ಮೂಲದ ನಟನಿಗೆ ಕೊಡುವ ಅವಕಾಶವಿತ್ತು. ಬಂದದ್ದು ಬ್ರಿಟಿಷ್ ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್. ಒಳ್ಳೆಯ ನಟ, ಆ ಮಾತು ಬೇರೆ. ಆದರೆ ಇತಿಹಾಸ ಕವಲೊಡೆದದ್ದು 2233ರಲ್ಲಿ, ಖಾನ್ ಅದಕ್ಕೂ ಶತಮಾನಗಳ ಹಿಂದೆ ಹುಟ್ಟಿ, ನೌಕೆಯೊಂದರಲ್ಲಿ ದೀರ್ಘ ನಿದ್ರೆಗೆ ಜಾರಿದ್ದವನು. ಅವರದೇ ನಿಯಮದಂತೆ ಅವನು ಬದಲಾಗುವ ಹಾಗೇ ಇಲ್ಲ! ಸಾಲದ್ದಕ್ಕೆ 1982ರ ಸಿನಿಮಾ ‘ದ ರಾತ್ ಆಫ್ ಖಾನ್’ನಲ್ಲಿ ಗಾಜಿನ ಆಚೆ ಸ್ಪಾಕ್ ಸಾಯುವ ದೃಶ್ಯವನ್ನು ಅದಲು ಬದಲು ಮಾಡಿ ಕರ್ಕ್‌ನನ್ನು ಸಾಯಿಸಿ, ಸ್ವಲ್ಪ ಹೊತ್ತಿಗೇ ಬದುಕಿಸಿದರು. ಹೊಸ ದಾರಿ ಮಾಡಿಕೊಂಡವರು ಹಳೆಯ ದಾರಿಯಲ್ಲೇ ನಡೆಯಹೊರಟರೆ ರೀಬೂಟ್ ಏಕೆ ಬೇಕಿತ್ತು?

ಕೊಂಡಿಯನ್ನೇ ಉಳಿಸದ ರೀಬೂಟ್ ಕೆಟ್ಟದ್ದೇ ಆಗಬೇಕೆಂದಿಲ್ಲ. 1978ರ ಬಾಹ್ಯಾಕಾಶ ಕಥೆಯ ಟಿವಿ ಸರಣಿ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ದಲ್ಲಿ ಅಪೊಲೊ ಎಂಬ ಪಾತ್ರ ಮಾಡಿದ್ದ ರಿಚರ್ಡ್ ಹ್ಯಾಚ್ ಅದೇ ಕಥೆ ಮುಂದುವರಿಯಲಿ ಎಂದು ವರ್ಷಗಟ್ಟಲೆ ಹೋರಾಡಿದರು, ಅದಕ್ಕಾಗಿ ಟ್ರೇಲರ್ ಕೂಡ ಮಾಡಿಸಿದರು. 2003ರಲ್ಲಿ ರೊನಾಲ್ಡ್ ಡಿ. ಮೂರ್ ಹಳೆಯದನ್ನು ಪೂರ್ತಿ ಬಿಟ್ಟು ಹೊಸದಾಗಿ ಬರೆದರು. ಹಳೆಯದರಲ್ಲಿ ಗಂಡಾಗಿದ್ದ ಸ್ಟಾರ್‌ಬಕ್ ಎಂಬ ಪಾತ್ರ ಹೆಣ್ಣಾಯಿತು. ಮೊದಲು ಬಹಿರಂಗವಾಗಿ ವಿರೋಧಿಸಿದ ಹ್ಯಾಚ್, ಆಮೇಲೆ ಅದರಲ್ಲೇ ಟಾಮ್ ಜಾರೆಕ್ ಎಂಬ ಬಂಡುಕೋರನ ಪಾತ್ರ ಮಾಡಿದರು. ಅವರಷ್ಟು ಕಳೆದುಕೊಂಡವರೇ ಒಪ್ಪಿ ಒಳಗೆ ಬಂದರೆಂದರೆ, ಆ ಬರವಣಿಗೆಯ ಬಲ ಎಷ್ಟಿತ್ತೆಂದು ಊಹಿಸಬಹುದು.

ಸ್ಟಾರ್ ಟ್ರೆಕ್‌ನ ಹಳೆಯ ಕಾಲರೇಖೆಯೂ ನಿಲ್ಲಲಿಲ್ಲ. 2020ರ ‘ಪಿಕಾರ್ಡ್’ ಸರಣಿ ನಡೆಯುವುದು ಅಲ್ಲಿಯೇ. 2009ರ ಸಿನಿಮಾ ಹೇಳಿದ್ದ ರೊಮುಲಸ್ ಗ್ರಹದ ವಿನಾಶದಿಂದಲೇ ಅದರ ಕಥೆ ಹುಟ್ಟುತ್ತದೆ.

ಎಲ್ಲಿಂದ ನೋಡಬೇಕೆಂದು ಹೊಸಬರು ಕೇಳಿದರೆ ನಾನು ಹೇಳುವುದು ಇಷ್ಟು: ವಲ್ಕನ್ ಗ್ರಹವನ್ನು ಮೊದಲ ಬಾರಿಗೆ ತೋರಿಸಿದ ‘ಅಮೊಕ್ ಟೈಮ್’, ‘ಜರ್ನಿ ಟು ಬೇಬೆಲ್’, ‘ಸ್ಪೇಸ್ ಸೀಡ್’ ಈ ಮೂರು ಕಂತು, 1982ರ ‘ದ ರಾತ್ ಆಫ್ ಖಾನ್’, ಆಮೇಲೆ 2009ರ ಸಿನಿಮಾ. 2013ರದ್ದನ್ನು ಬಿಟ್ಟರೂ ನಡೆಯುತ್ತದೆ. 2016ರ ‘ಬಿಯಾಂಡ್’ ಬಿಡಬೇಡಿ. ನಿಮೋಯ್ 2015ರಲ್ಲಿ ತೀರಿಕೊಂಡಿದ್ದರು, ಅವರ ಸ್ಪಾಕ್‌ನ ಸಾವನ್ನು ಆ ಸಿನಿಮಾ ಕಥೆಯೊಳಗೇ ತಂದುಕೊಂಡಿದೆ.